1,500 ರೂಪಾಯಿಯೊಳಗೆ 24 ಜನರಿಗೆ ಸಿಗಡಿ ಕಾಕ್‌ಟೇಲ್ ಆಗುತ್ತಾ?

ಪ್ರಶ್ನೆ: ನಮ್ಮದು ಬೆಳಗಾವಿ, ಟಿಳಕವಾಡಿ. ಮೇ ಕೊನೆಯ ಭಾನುವಾರ ಅಪ್ಪ-ಅವ್ವನ ಮದುವೆಗೆ 25 ವರ್ಷ ತುಂಬುತ್ತದೆ. ಸಂಜೆ ಮನೆಯ ಟೆರೇಸ್ ಮೇಲೆ 24 ಜನ ಸೇರುತ್ತೇವೆ. ಅವರಲ್ಲಿ 6 ಮಂದಿ ಸಸ್ಯಾಹಾರಿಗಳು. ಊಟ ಕೇಟರಿಂಗ್‌ನವರು ತರುತ್ತಾರೆ, ಸ್ಟಾರ್ಟರ್ ಮಾತ್ರ ನನ್ನ ಕೈಯಿಂದಲೇ ಆಗಬೇಕು ಅಂತ ಆಸೆ. ಅಪ್ಪ ಪಣಜಿಯ ಹೋಟೆಲೊಂದರಲ್ಲಿ ಗುಲಾಬಿ ಬಣ್ಣದ ಸಾಸ್ ಹಾಕಿದ ತಣ್ಣನೆಯ ಸಿಗಡಿ ಕಾಕ್‌ಟೇಲ್ ತಿಂದು, ಈಗಲೂ ಅದನ್ನೇ ನೆನೆಸುತ್ತಾರೆ. ಅದನ್ನು ಮನೆಯಲ್ಲಿ ಮಾಡಬಹುದಾ? 1,500 ರೂಪಾಯಿ ಮೀರುವಂತಿಲ್ಲ. ಹಾರ್ಸ್‌ರ‍್ಯಾಡಿಶ್ ಅನ್ನುವ, ಸಾಸಿಗೆ ಹಾಕುವ ಖಾರದ ಗಡ್ಡೆ ಇಲ್ಲಿ ಎಲ್ಲೂ ಸಿಗಲಿಲ್ಲ. ಹೋದ ಸಲ ಸಿಗಡಿ ಬೇಯಿಸಿದಾಗ ಗಟ್ಟಿಯಾಗಿ ಅಗಿಯಲಿಕ್ಕೇ ಆಗಲಿಲ್ಲ. ಇದರಲ್ಲಿ ಮದ್ಯ ಇರುತ್ತಾ ಅಂತ ಅಜ್ಜಿ ಬೇರೆ ಕೇಳುತ್ತಿದ್ದಾರೆ.

ಉತ್ತರ: ಆಗುತ್ತದೆ. ಅಜ್ಜಿಗೆ ಮೊದಲು ಹೇಳಿಬಿಡಿ, ಇದರಲ್ಲಿ ಮದ್ಯ ಇಲ್ಲ. ಇಂಗ್ಲೆಂಡಿನ ಕಡೆ ಕೆಲವರು ಸಾಸಿಗೆ ಒಂದು ಚಮಚ ಬ್ರಾಂದಿ ಹಾಕುತ್ತಾರೆ. ಅದು ಇಲ್ಲದಿದ್ದರೆ ಏನೂ ಕಡಿಮೆ ಆಗುವುದಿಲ್ಲ.

ಈಗ ಹಣದ ಮಾತು. ಸಿಗಡಿಯ ಗಾತ್ರಕ್ಕೆ ಹಣ ಹಾಕಬೇಡಿ, ತಾಜಾತನಕ್ಕೆ ಹಾಕಿ. ಇದರಲ್ಲಿ ಒಗ್ಗರಣೆ ಇಲ್ಲ, ಮಸಾಲೆ ಇಲ್ಲ, ಬಿಸಿ ಹಬೆಯೂ ಇಲ್ಲ. ಖಾರದ ಸಾರಿನಲ್ಲಿ ಸಿಗಡಿಯ ಸಣ್ಣಪುಟ್ಟ ಕೊರತೆ ಗೊತ್ತಾಗುವುದಿಲ್ಲ. ತಣ್ಣಗೆ ಬಡಿಸಿದರೆ ಎಲ್ಲವೂ ನಾಲಿಗೆಗೆ ಗೊತ್ತಾಗುತ್ತದೆ. ಹೋಟೆಲ್‌ನವರು ಹೆಬ್ಬೆರಳು ಗಾತ್ರದ ಸಿಗಡಿಯನ್ನು ಗ್ಲಾಸಿನ ಅಂಚಿಗೆ ತೂಗುಹಾಕುವುದು ಕಣ್ಣಿಗೆ. ರುಚಿ ಬರುವುದು ಮೂರು ಕಡೆಯಿಂದ: ಹೊಸ ಸಿಗಡಿ, ಹದ ತಪ್ಪದ ಬೇಯಿಸುವಿಕೆ, ನಿಜವಾಗಿ ತಣ್ಣಗಿರುವುದು. ಈ ಮೂರಕ್ಕೂ ದೊಡ್ಡ ಬಜೆಟ್ ಬೇಡ.

ಲೆಕ್ಕ ಮಾಡೋಣ. ಸಿಗಡಿ ತಿನ್ನುವವರು 18 ಜನ. ಒಬ್ಬರಿಗೆ 4 ಸಿಗಡಿ ಅಂದರೆ 72 ಬೇಕು. ಮೀನಿನ ಅಂಗಡಿಯಲ್ಲಿ ಸಿಗಡಿಯನ್ನು ಕೌಂಟ್ ಮೇಲೆ ಕೇಳುತ್ತಾರೆ. 50 ಕೌಂಟ್ ಅಂದರೆ ತಲೆ ಸಮೇತ ಕಿಲೋಗೆ ಸುಮಾರು 50 ಸಿಗಡಿ, ಒಂದೊಂದು 20 ಗ್ರಾಂ. ಅಂಥದ್ದು ಒಂದೂವರೆ ಕಿಲೋ ತಂದರೆ 75 ಸಿಗುತ್ತವೆ. ತಲೆ, ಸಿಪ್ಪೆ ತೆಗೆದ ಮೇಲೆ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅಂದರೆ ಸುಮಾರು 750 ಗ್ರಾಂ ಉಳಿಯುತ್ತದೆ. ಒಬ್ಬರ ಪಾಲಿಗೆ 40 ಗ್ರಾಂ ಬರುತ್ತದೆ. ಊಟಕ್ಕೆ ಮುಂಚಿನ ತಿಂಡಿಗೆ ಇಷ್ಟು ಸಾಕು.

ದರ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ಲೆಕ್ಕದ ಕ್ರಮ ಹೇಳುತ್ತೇನೆ, ಆ ದಿನದ ದರವನ್ನು ನೀವೇ ಹಾಕಿಕೊಳ್ಳಿ. ಮಧ್ಯಮ ಗಾತ್ರದ್ದು ಕಿಲೋಗೆ 400 ಅಂತ ಇಟ್ಟುಕೊಂಡರೆ ಒಂದೂವರೆ ಕಿಲೋಗೆ 600 ಆಯಿತು. ಇದೇ 25 ಕೌಂಟಿನ ದೊಡ್ಡ ಸಿಗಡಿ ಬೇಕೆಂದರೆ 72ಕ್ಕೆ ಹತ್ತಿರಹತ್ತಿರ 3 ಕಿಲೋ ಬೇಕು. ಅದರ ದರವೂ ಜಾಸ್ತಿ. ಕಿಲೋಗೆ 800 ಇದ್ದರೆ 2,400 ರೂಪಾಯಿ ಆಗುತ್ತದೆ. ನಿಮ್ಮ ಬಜೆಟ್ ಅಲ್ಲೇ ಮುಗಿದುಹೋಯಿತು, ಅಲ್ವಾ?

ಇನ್ನು ಎಲ್ಲಿಂದ ತರುವುದು. ಬೆಳಗಾವಿ ಸಮುದ್ರದ ಮೇಲಿಲ್ಲ, ಆದರೆ ಸಮುದ್ರದಿಂದ ದೂರವೂ ಇಲ್ಲ. ಇಲ್ಲಿಯ ತರಕಾರಿ ಘಟ್ಟ ಇಳಿದು ಗೋವಾಕ್ಕೆ ಹೋಗುತ್ತದೆ, ಗೋವಾದ ಮೀನು ಚೋರ್ಲಾ ಘಟ್ಟ ಹತ್ತಿ ಇಲ್ಲಿಗೆ ಬರುತ್ತದೆ. ವೆಂಗುರ್ಲಾ, ಮಾಲವಣದ ಕಡೆಯಿಂದ ಅಂಬೋಲಿ ಘಟ್ಟದ ದಾರಿ ಇದೆ. ಹಾಗಾಗಿ ನಮಗೆ ಹಸಿ ಸಿಗಡಿ ಸಿಗುತ್ತದೆ. ಅಂಗಡಿಯಲ್ಲಿ ಸಿಗಡಿ ಅಂದರೆ ಕೆಲವರಿಗೆ ತಟ್ಟನೆ ತಿಳಿಯದಿರಬಹುದು. ಕೋಳಂಬಿ, ಝಿಂಗಾ, ಪ್ರಾನ್ಸ್, ಯಾವುದಾದರೂ ಒಂದು ಹೆಸರು ಕೆಲಸ ಮಾಡುತ್ತದೆ.

ಭಾನುವಾರ ಬೆಳಿಗ್ಗೆ ಸುಮ್ನೆ ಚೀಲ ಹಿಡಿದು ಹೋಗಬೇಡಿ. ಶನಿವಾರ ಅನೇಕ ಮನೆಗಳಲ್ಲಿ ಮಾಂಸಾಹಾರ ಇರುವುದಿಲ್ಲ, ಅದೆಲ್ಲ ಸೇರಿ ಭಾನುವಾರ ಮೀನಿನ ಅಂಗಡಿಗೆ ಜನ ಮುಗಿಬೀಳುತ್ತಾರೆ. ತಡವಾಗಿ ಹೋದರೆ ಆರಿಸಿ ಬಿಟ್ಟದ್ದು ನಿಮ್ಮ ಪಾಲಿಗೆ. ಶುಕ್ರವಾರವೇ ನಿಮಗೆ ಗೊತ್ತಿರುವ ಅಂಗಡಿಯವರಿಗೆ ಹೇಳಿಡಿ: "ಭಾನುವಾರ ಬೆಳಿಗ್ಗೆ 50 ಕೌಂಟಿಂದು ಒಂದೂವರೆ ಕಿಲೋ, ತಲೆ ತೆಗೀಬ್ಯಾಡ್ರಿ." ತಲೆ ಸಮೇತ ತರುವುದಕ್ಕೆ ಎರಡು ಕಾರಣ ಇವೆ. ಒಂದು, ತಾಜಾ ಹೌದೋ ಅಲ್ಲವೋ ಅಂತ ಹೇಳುವುದೇ ತಲೆ. ಎರಡು, ನಿಮ್ಮ ಸಾಸಿನ ಜೀವ ಆ ತಲೆ ಮತ್ತು ಸಿಪ್ಪೆಯಲ್ಲಿದೆ. ಅದನ್ನು ಮುಂದೆ ಹೇಳುತ್ತೇನೆ.

ನೋಡಬೇಕಾದದ್ದು ಇಷ್ಟು. ತಲೆ ಮೈಗೆ ಬಿಗಿಯಾಗಿ ಅಂಟಿಕೊಂಡಿರಬೇಕು. ಎತ್ತಿದರೆ ತಲೆ ಜೋತುಬೀಳುತ್ತಿದ್ದರೆ ಬಿಡಿ. ಸಿಗಡಿಯಲ್ಲಿ ಮೊದಲು ಕೆಡುವುದು ತಲೆ, ಯಾಕೆಂದರೆ ಅದರ ಜೀರ್ಣಾಂಗ ಅಲ್ಲೇ ಇರುತ್ತದೆ. ಸತ್ತ ಮೇಲೆ ಅದರ ರಸ ಪಕ್ಕದ ಮಾಂಸವನ್ನೇ ಕರಗಿಸಲು ಶುರುಮಾಡುತ್ತದೆ. ಸಿಪ್ಪೆ ಹೊಳೆಯುತ್ತಿರಬೇಕು, ಮೈ ಅರೆಪಾರದರ್ಶಕವಾಗಿರಬೇಕು. ತಲೆಯ ಅಂಚಿನಲ್ಲಿ, ಕಾಲುಗಳ ಬುಡದಲ್ಲಿ ಕಪ್ಪು ಕಲೆ ಕಾಣಿಸಿದರೆ ಹಿಡಿದು ಹೊತ್ತಾಗಿದೆ ಅಂತ ಅರ್ಥ. ಆ ಕಪ್ಪು ವಿಷವೇನಲ್ಲ, ಸಾರಿಗಾದರೆ ನಡೆಯುತ್ತದೆ. ಇದಕ್ಕೆ ಬೇಡ. ಮೂಗಿಗೆ ಸಮುದ್ರದ ಉಪ್ಪಿನ ವಾಸನೆ ಬಂದರೆ ಸರಿ. ಮೂತ್ರದ ಥರ ಘಾಟು ಬಂದರೆ ಎಷ್ಟೇ ಅಗ್ಗವಾದರೂ ವಾಪಸ್ ಬನ್ನಿ.

ಫ್ರೋಜನ್ ಪ್ಯಾಕೆಟ್ ಬೇಡವಾ ಅಂತ ನೀವು ಕೇಳಬಹುದು. ಖಂಡಿತ ಬೇಡ ಅಂತ ನಾನು ಹೇಳುವುದಿಲ್ಲ. ಬಾಗಲಕೋಟೆ, ವಿಜಯಪುರದ ಓದುಗರಿಗಾದರೆ ನಾನು ಮೊದಲು ಅದನ್ನೇ ಹೇಳುತ್ತೇನೆ, ಸಮುದ್ರದಿಂದ ಅಷ್ಟು ದೂರ ಬೇಸಿಗೆಯಲ್ಲಿ ಬಂದ ಹಸಿ ಸಿಗಡಿಗಿಂತ ಒಳ್ಳೆಯ ಪ್ಯಾಕೆಟ್ ಮೇಲು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ. ನಿಮ್ಮ ಕಾರ್ಯಕ್ರಮ ಏನಾದರೂ ಮುಂದೆ ಹೋಗಿ ಜೂನ್ ಆದರೆ ನೀವೂ ಪ್ಯಾಕೆಟ್‌ಗೇ ಹೋಗಿ. ಪ್ಯಾಕೆಟ್‌ನಲ್ಲಿ ಬರುವುದು ಹೆಚ್ಚಾಗಿ ವೆನ್ನಾಮಿ. ಇದು ಪೆಸಿಫಿಕ್ ಸಾಗರದ ತಳಿ. 2009ರಲ್ಲಿ ಇಲ್ಲಿ ಸಾಕಲು ಅನುಮತಿ ಸಿಕ್ಕ ಮೇಲೆ ಆಂಧ್ರದ ಕೊಳಗಳಲ್ಲಿ ಹೇರಳವಾಗಿ ಬೆಳೆಯುತ್ತಾರೆ. ರುಚಿ ಸೌಮ್ಯ, ಸ್ವಲ್ಪ ಸಿಹಿ. ಕಾಕ್‌ಟೇಲ್‌ಗೆ ಚೆನ್ನಾಗಿಯೇ ಹೊಂದುತ್ತದೆ.

ಪ್ಯಾಕೆಟ್ ಕೊಳ್ಳುವಾಗ ಒಂದು ಸೂತ್ರ ನೆನಪಿಡಿ. ಹಸಿ ಸಿಗಡಿ ಸುಲಿದರೆ ಅರ್ಧವಾಗುತ್ತದೆ. ಆದ್ದರಿಂದ ಸುಲಿದ ಫ್ರೋಜನ್ ಸಿಗಡಿಯ ದರ ಹಸಿಯ ದರಕ್ಕಿಂತ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಪ್ಯಾಕೆಟ್ಟೇ ಅಗ್ಗ. ಆದರೆ ದರವನ್ನು ನಿವ್ವಳ ತೂಕದ ಮೇಲೆ ಹಾಕಿ. ಸಿಗಡಿ ಒಣಗದಿರಲಿ ಅಂತ ಅದರ ಮೇಲೆ ತೆಳ್ಳಗೆ ಮಂಜುಗಡ್ಡೆಯ ಪದರ ಕೊಟ್ಟಿರುತ್ತಾರೆ. ಒಂದು ಕಿಲೋ ಪ್ಯಾಕೆಟ್‌ನ ಹಿಂದೆ ನಿವ್ವಳ 800 ಗ್ರಾಂ ಅಂತ ಇದ್ದರೆ, 200 ಗ್ರಾಂ ನೀರಿಗೂ ನೀವು ದುಡ್ಡು ಕೊಡುತ್ತಿದ್ದೀರಿ. ಪ್ಯಾಕೆಟ್ ಮೇಲಿನ ಕೌಂಟ್ ಅನೇಕ ಸಲ ಪೌಂಡಿನ ಲೆಕ್ಕದ್ದು, ಅಂದರೆ 450 ಗ್ರಾಂಗೆ ಇಷ್ಟು ಅಂತ. ಅಂಗಡಿಯ ಕಿಲೋ ಲೆಕ್ಕಕ್ಕೂ ಅದಕ್ಕೂ ತಾಳೆ ಹಾಕಬೇಡಿ. ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ. ಬಿಸಿನೀರು ಸುರಿಯಬೇಡಿ.

ಕೆಲವರು ಹಿಡಕಲ್, ಆಲಮಟ್ಟಿ ಕಡೆಯ ಹೊಳೆ ಸಿಗಡಿ ಆಗುತ್ತಾ ಅಂತ ಕೇಳುತ್ತಾರೆ. ಹಿಡಿದ ಕೂಡಲೇ ತಲೆ ಮುರಿದು ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರ ಮಾಂಸ ಬೇಗ ಮೆತ್ತಗಾಗುತ್ತದೆ. ಈ ತಿಂಡಿಗೆ ನಾನು ಅದನ್ನು ಆರಿಸುವುದಿಲ್ಲ.

ಮನೆಗೆ ತಂದ ಮೇಲಿನ ಕೆಲಸಕ್ಕೆ ಬರೋಣ. ತಲೆ ಮುರಿಯಿರಿ, ಸಿಪ್ಪೆ ಬಿಡಿಸಿ. 18 ಸಿಗಡಿಗೆ ಮಾತ್ರ ಬಾಲ ಉಳಿಸಿಕೊಳ್ಳಿ, ಇವು ಗ್ಲಾಸಿನ ಅಂಚಿಗೆ. ಬೆನ್ನಿನ ಕಪ್ಪು ಗೆರೆ ಅದರ ಕರುಳು. ಚಾಕುವಿನಿಂದ ಉದ್ದಕ್ಕೆ ಸೀಳಿದರೆ ಬೆಂದಾಗ ಬಾಯಿ ತೆರೆದುಕೊಳ್ಳುತ್ತದೆ, ಅಂದ ಹೋಗುತ್ತದೆ. ಬಾಲದಿಂದ ಮೇಲೆ ಎರಡು-ಮೂರನೆಯ ಗೆಣ್ಣಿನಲ್ಲಿ ಟೂತ್‌ಪಿಕ್ ಚುಚ್ಚಿ ಮೆಲ್ಲಗೆ ಎತ್ತಿ, ದಾರದಂತೆ ಪೂರ್ತಿ ಬರುತ್ತದೆ. ತಲೆ ಮತ್ತು ಸಿಪ್ಪೆಯನ್ನು ಒಂದು ಪಾತ್ರೆಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಅದನ್ನು ಕಸಕ್ಕೆ ಹಾಕಿದರೆ ಕೊಟ್ಟ ದುಡ್ಡಿನಲ್ಲಿ ಅರ್ಧ ಕಸಕ್ಕೆ ಹಾಕಿದಂತೆ.

ಸುಲಿದ 750 ಗ್ರಾಂ ಸಿಗಡಿಗೆ ಒಂದೂವರೆ ಚಹಾ ಚಮಚ ಉಪ್ಪು, ಅರ್ಧ ಚಹಾ ಚಮಚಕ್ಕಿಂತ ಸ್ವಲ್ಪ ಕಡಿಮೆ ಅಡುಗೆ ಸೋಡಾ ಹಚ್ಚಿ 20 ನಿಮಿಷ ಫ್ರಿಜ್‌ನಲ್ಲಿಡಿ. ಉಪ್ಪು ಸಿಗಡಿಯೊಳಗೆ ನೀರು ಹಿಡಿದಿಡುತ್ತದೆ. ಸೋಡಾ ಮಾಂಸವನ್ನು ಸ್ವಲ್ಪ ಕ್ಷಾರದ ಕಡೆ ತಿರುಗಿಸುತ್ತದೆ. ಆಗ ಬೆಂದಾಗ ಬಿಗಿದುಕೊಳ್ಳುವುದು ಕಡಿಮೆ, ಕಚ್ಚಿದರೆ ಟಕ್ಕನೆ ಮುರಿಯುತ್ತದೆ. ನಿಮ್ಮ ಹೋದ ಸಲದ ತೊಂದರೆಗೆ ಅರ್ಧ ಮದ್ದು ಇದೇ. ಆಮೇಲೆ ತಣ್ಣೀರಿನಲ್ಲಿ ಒಮ್ಮೆ ತೊಳೆಯಿರಿ. ಫ್ರೋಜನ್ ಆದರೆ ಪ್ಯಾಕೆಟ್ ಓದಿ. ಉಪ್ಪು, ಫಾಸ್ಫೇಟ್ ಅಂತೇನಾದರೂ ಇದ್ದರೆ ಈ ಹೆಜ್ಜೆ ಬಿಟ್ಟುಬಿಡಿ, ಆ ಕೆಲಸ ಮೊದಲೇ ಆಗಿರುತ್ತದೆ.

ಅರಿಶಿನ ಹಚ್ಚಬೇಡಿ. ನಮ್ಮ ಕೈ ತಾನಾಗಿ ಅರಿಶಿನದ ಡಬ್ಬಿಗೆ ಹೋಗುತ್ತದೆ, ನನಗೆ ಗೊತ್ತು. ಎಣ್ಣೆಯಲ್ಲಿ ಹುರಿಯದ ಅರಿಶಿನ ಇಲ್ಲಿ ಹಸಿಹಸಿಯಾಗಿ ಕಹಿ ಕೊಡುತ್ತದೆ, ಸಿಗಡಿಯ ನಸುಗೆಂಪು ಬಣ್ಣವನ್ನೂ ಕೆಡಿಸುತ್ತದೆ.

ಈಗ ತಲೆ-ಸಿಪ್ಪೆ ತೆಗೆಯಿರಿ. ದೊಡ್ಡ ಪಾತ್ರೆಯಲ್ಲಿ ಒಂದು ಚಮಚ ಎಣ್ಣೆ, 4 ಎಸಳು ಜಜ್ಜಿದ ಬೆಳ್ಳುಳ್ಳಿ, ಅದರ ಮೇಲೆ ತಲೆ-ಸಿಪ್ಪೆ ಹಾಕಿ ಕೆಂಪಗಾಗುವವರೆಗೆ ಹುರಿಯಿರಿ. ತಲೆಗಳನ್ನು ಸೌಟಿನಿಂದ ಒತ್ತಿ, ರಸ ಬಿಡಲಿ. 3 ಲೀಟರ್ ನೀರು, ಹತ್ತು ಕಾಳು ಮೆಣಸು, ಕೊತ್ತಂಬರಿ ದಂಟು, ಒಂದು ಈರುಳ್ಳಿ ಹಾಕಿ 20 ನಿಮಿಷ ಸಣ್ಣ ಉರಿಯಲ್ಲಿ ಕುದಿಸಿ ಸೋಸಿ. ಉಪ್ಪು ಬೇಡ. ಇದು ಸಿಗಡಿ ಬೇಯಿಸುವ ನೀರು.

ಹದದ ಮಾತು ಇಲ್ಲಿದೆ, ಗಮನ ಇಟ್ಟು ಓದಿ. ಸಿಗಡಿಯ ಮಾಂಸ 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಂದಂತೆಯೇ. ಕುದಿಯುವ ನೀರು ನೂರರ ಹತ್ತಿರ ಇರುತ್ತದೆ. ಆ ಬಿಸಿಯಲ್ಲಿ ಸಿಗಡಿಯ ಒಳಭಾಗ ಬೇಯುವ ಹೊತ್ತಿಗೆ ಹೊರಭಾಗ ಹಿಂಡಿದ ಹಾಗೆ ಬಿಗಿದು ನೀರೆಲ್ಲ ಬಿಟ್ಟಿರುತ್ತದೆ. ನಿಮ್ಮ ಸಿಗಡಿ ಗಟ್ಟಿಯಾದದ್ದು ಹೀಗೆಯೇ ಇರಬೇಕು. ಹಾಗಾಗಿ ಸೋಸಿದ ನೀರನ್ನು ಚೆನ್ನಾಗಿ ಕುದಿಸಿ, ಗ್ಯಾಸ್ ಆರಿಸಿ. ಆರಿಸಿದ ಮೇಲೆಯೇ ಅರ್ಧ ಸಿಗಡಿ ಹಾಕಿ ಮುಚ್ಚಳ ಮುಚ್ಚಿ. ಸುಮಾರು ಎರಡೂವರೆ ಲೀಟರ್ ನೀರಿಗೆ ಫ್ರಿಜ್‌ನಿಂದ ತೆಗೆದ 375 ಗ್ರಾಂ ಸಿಗಡಿ ಬಿದ್ದರೆ ಶಾಖ ತಾನೇ 85ರ ಆಸುಪಾಸಿಗೆ ಇಳಿಯುತ್ತದೆ. ಎರಡು ನಿಮಿಷಕ್ಕೆ ಮುಚ್ಚಳ ತೆಗೆದು ದಪ್ಪದೊಂದನ್ನು ಎತ್ತಿ ಕತ್ತರಿಸಿ ನೋಡಿ. ನಡುವೆ ಗಾಜಿನಂಥ ಹಸಿ ಭಾಗ ಹೋಗಿ ಪೂರ್ತಿ ಬೆಳ್ಳಗಾಗಿದ್ದರೆ ಆಯಿತು. ಇಲ್ಲದಿದ್ದರೆ ಇನ್ನೊಂದು ಅರ್ಧ ನಿಮಿಷ. ಸಿಗಡಿ ಸಡಿಲವಾಗಿ ಬಾಗಿರಬೇಕು. ತಲೆ-ಬಾಲ ಕೂಡಿ ಉಂಗುರವಾದರೆ ಬೆಂದದ್ದು ಹೆಚ್ಚಾಯಿತು. ನೀರನ್ನು ಮತ್ತೆ ಕುದಿಸಿ, ಆರಿಸಿ, ಉಳಿದರ್ಧ ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಶಾಖ ಬಹಳ ಇಳಿದು ಕೆಲವು ಹಸಿಯಾಗಿ ಉಳಿಯುತ್ತವೆ. ಕುಕ್ಕರ್ ಅಂತೂ ಬೇಡವೇ ಬೇಡ.

ತೆಗೆದ ಕೂಡಲೇ ತಣ್ಣಗಾಗಬೇಕು, ಇಲ್ಲದಿದ್ದರೆ ಒಳಗಿನ ಶಾಖದಲ್ಲೇ ಬೇಯುತ್ತಾ ಹೋಗುತ್ತವೆ. ಇಲ್ಲೊಂದು ಎಚ್ಚರಿಕೆ. ಮೀನಿನ ಅಂಗಡಿಯ ಮಂಜುಗಡ್ಡೆ ತಿನ್ನಲಿಕ್ಕಲ್ಲ. ಅದೇ ಇದ್ದರೆ ಬೆಂದ ಸಿಗಡಿಯನ್ನು ಜಿಪ್ ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಆ ಚೀಲವನ್ನು ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಿ. ಹತ್ತು ನಿಮಿಷ ಸಾಕು. ಮನೆಯ ಫ್ರಿಜ್‌ನಲ್ಲೇ ಕುಡಿಯುವ ನೀರಿನ ಐಸ್ ಮಾಡಿಟ್ಟಿದ್ದರೆ ನೇರವಾಗಿ ಹಾಕಿ, ಆದರೆ ಐದು ನಿಮಿಷದ ಮೇಲೆ ಬಿಡಬೇಡಿ, ರುಚಿ ನೀರಿಗೆ ಹೋಗುತ್ತದೆ. ತೆಗೆದು ಒಣ ಬಟ್ಟೆಯ ಮೇಲೆ ಹರಡಿ ಒರೆಸಿ. ಒದ್ದೆ ಸಿಗಡಿಗೆ ಸಾಸ್ ಅಂಟುವುದಿಲ್ಲ, ಗ್ಲಾಸಿನ ತಳದಲ್ಲಿ ಗುಲಾಬಿ ನೀರು ನಿಲ್ಲುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಡಿ, ಸಂಜೆವರೆಗೆ ನಿಶ್ಚಿಂತೆ.

ಸಾಸಿನ ವಿಷಯದಲ್ಲಿ ಎರಡು ಪದ್ಧತಿ ಇವೆ. ಅಮೆರಿಕದವರದ್ದು ಕೆಂಪು, ಟೊಮೆಟೊ ಕೆಚಪ್‌ಗೆ ಹಾರ್ಸ್‌ರ‍್ಯಾಡಿಶ್ ಗಡ್ಡೆ ತುರಿದು ಹಾಕಿ ಲಿಂಬೆ ಹಿಂಡುತ್ತಾರೆ. ಇಂಗ್ಲೆಂಡಿನದ್ದು ಗುಲಾಬಿ, ಮಯೋನೀಸ್‌ಗೆ ಕೆಚಪ್ ಕಲಸಿದ್ದು, ಕೆಳಗೆ ಲೆಟಿಸ್ ಸೊಪ್ಪು. ನಿಮ್ಮ ಅಪ್ಪ ತಿಂದದ್ದು ಎರಡನೆಯದು. ನಾನು ಎರಡನ್ನೂ ಕೂಡಿಸಲು ಹೇಳುತ್ತೇನೆ. ಬರೀ ಗುಲಾಬಿ ಸಾಸ್ ನಮ್ಮ ನಾಲಿಗೆಗೆ ಸಪ್ಪೆ ಅನ್ನಿಸುತ್ತದೆ.

ಹಾರ್ಸ್‌ರ‍್ಯಾಡಿಶ್‌ಗೆ ಹುಡುಕಾಡಬೇಡಿ. ಅದು ಮೂಗಿಗೆ ಏರುವ ಖಾರ ಕೊಡುವುದು ಯಾವುದರಿಂದಲೋ, ನಮ್ಮ ಕಪ್ಪು ಸಾಸಿವೆಯೂ ಅದೇ ವಸ್ತುವಿನಿಂದ ಕೊಡುತ್ತದೆ. ಮೂಲಂಗಿಯೂ ಅದೇ ಕುಟುಂಬದ ಗಿಡ. ಸಾಸಿವೆ ಕೊಡುವುದು ಖಾರ, ಮೂಲಂಗಿ ಕೊಡುವುದು ಗಡ್ಡೆಯ ತುರಿ. ಆದರೆ ಸಾಸಿವೆಯ ಘಾಟು ಕಾಳಿನಲ್ಲಿ ಸಿದ್ಧವಾಗಿ ಇರುವುದಿಲ್ಲ. ಅರೆದು ನೀರು ತಾಗಿದ ಮೇಲೆ ಅದು ಹುಟ್ಟುತ್ತದೆ. ಬಿಸಿನೀರು ಹಾಕಿದರೆ ಹುಟ್ಟುವ ಮೊದಲೇ ಸತ್ತುಹೋಗುತ್ತದೆ. ಮೊದಲೇ ಲಿಂಬೆ ಹಿಂಡಿದರೂ ಹಾಗೆಯೇ. ಎರಡು ದೊಡ್ಡ ಚಮಚ ಸಾಸಿವೆಯನ್ನು ಒಣಗಿದ್ದಾಗಲೇ ಪುಡಿ ಮಾಡಿ, ತಣ್ಣೀರಿನಲ್ಲಿ ಕಲಸಿ 10 ನಿಮಿಷ ಮುಚ್ಚಿಡಿ. ಘಾಟು ಮೂಗಿಗೆ ಬಡಿದಾಗ ಲಿಂಬೆರಸ, ಚಿಟಿಕೆ ಉಪ್ಪು ಹಾಕಿ. ಆ ಹುಳಿ ಘಾಟನ್ನು ಅಲ್ಲೇ ನಿಲ್ಲಿಸಿ ಕಾಪಾಡುತ್ತದೆ. ಒಗ್ಗರಣೆಗೆ ಸಿಡಿಸಿದ ಸಾಸಿವೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಮಯೋನೀಸ್ ದುಬಾರಿ, ಜೊತೆಗೆ ಜಿಡ್ಡು. ನಮ್ಮೂರಲ್ಲಿ ಶ್ರೀಖಂಡಕ್ಕೆ ಅಂತ ಚಕ್ಕಾ, ಅಂದರೆ ನೀರು ಬಸಿದ ಗಟ್ಟಿ ಮೊಸರು, ಸಿಗುತ್ತದಲ್ಲ, ಅದನ್ನು ತನ್ನಿ. 250 ಗ್ರಾಂ ಹುಳಿಯಿಲ್ಲದ ಚಕ್ಕಾ, 150 ಗ್ರಾಂ ಮೊಟ್ಟೆ ಇಲ್ಲದ ಮಯೋನೀಸ್, 200 ಗ್ರಾಂ ಕೆಚಪ್. ಇದಕ್ಕೆ ಸಾಸಿವೆ ಕಲಸಿದ್ದು, ಸಣ್ಣಗೆ ತುರಿದು ಗಟ್ಟಿಯಾಗಿ ಹಿಂಡಿದ ಮೂಲಂಗಿ ಮೂರು ಚಮಚ, ಒಂದು ಚಮಚ ಗಟ್ಟಿ ಹುಣಸೆರಸ, ಅಡಿಕೆ ಗಾತ್ರದ ಬೆಲ್ಲ. ವೂಸ್ಟರ್‌ಶೈರ್ ಸಾಸ್ ಅಂತ ಇಂಗ್ಲೆಂಡ್-ಅಮೆರಿಕದವರು ಹಾಕುವ ಬಾಟಲಿಯಲ್ಲಿಯೂ ಹುಣಸೆ ಇರುತ್ತದೆ, ಕಬ್ಬಿನ ಕಾಕಂಬಿ ಇರುತ್ತದೆ. ಅದರ ಮೂಲ ಪಾಕದಲ್ಲಿ ಸಣ್ಣ ಮೀನೂ ಇರುತ್ತದೆ, ಹಾಗಾಗಿ ಸಸ್ಯಾಹಾರಿಗಳಿರುವ ಮನೆಯಲ್ಲಿ ಬಾಟಲಿಗಿಂತ ಹುಣಸೆ-ಬೆಲ್ಲವೇ ವಾಸಿ. ಬಣ್ಣಕ್ಕೆ ಬ್ಯಾಡಗಿ ಪುಡಿ ಒಂದು ಚಮಚ. ಖಾರ ಬೇಕೆನಿಸಿದರೆ ಸಂಕೇಶ್ವರಿ ಪುಡಿ ಕಾಲು ಚಮಚ, ಜಾಸ್ತಿ ಬೇಡ, ಸಿಗಡಿಯ ಸಿಹಿ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಲಿಂಬೆ ತುಟ್ಟಿ. ಇಂಡಿ ಕಡೆಯ ರಸಭರಿತ ಲಿಂಬೆ ಸಿಕ್ಕರೆ ನಾಲ್ಕೇ ಸಾಕು, ಇಲ್ಲದಿದ್ದರೆ ಹುಳಿ ಮಾವಿನಕಾಯಿ ತುರಿದು ಹಿಂಡಿಕೊಳ್ಳಿ. ಮೇ ತಿಂಗಳಲ್ಲಿ ನಾನು ಅದನ್ನೇ ಇಷ್ಟಪಡುತ್ತೇನೆ.

ಮುಂದಿನ ಹೆಜ್ಜೆಗೆ ಮುಂಚೆ ಸಸ್ಯಾಹಾರಿಗಳ ಪಾಲಿನ ಸಾಸನ್ನು, ಸುಮಾರು ಕಾಲು ಭಾಗ, ಬೇರೆ ಡಬ್ಬಿಗೆ ತೆಗೆದಿಟ್ಟು ಹೆಸರು ಬರೆಯಿರಿ.

ಆ ಮೇಲೆ ಸಿಗಡಿ ಬೇಯಿಸಿದ ನೀರಿನಲ್ಲಿ ಎರಡು ಲೋಟ ತೆಗೆದುಕೊಂಡು ದೊಡ್ಡ ಉರಿಯಲ್ಲಿ ಕುದಿಸಿ ನಾಲ್ಕೈದು ಚಮಚಕ್ಕೆ ಇಳಿಸಿ. ಕೇಸರಿ ಬಣ್ಣದ ಗಟ್ಟಿ ರಸ ಉಳಿಯುತ್ತದೆ. ಪೂರ್ತಿ ತಣ್ಣಗಾದ ಮೇಲೆ ಉಳಿದ ಸಾಸಿಗೆ ಕಲಸಿ. ಇದೊಂದು ಕೆಲಸ ನಿಮ್ಮ ಬಜೆಟ್ಟನ್ನು ಗೆಲ್ಲಿಸುತ್ತದೆ. ಸಾಸ್ ತಾನೇ ಸಿಗಡಿಯ ರುಚಿ ಕೊಡುವುದರಿಂದ ನಾಲ್ಕು ಸಿಗಡಿ ತಿಂದವರಿಗೆ ಇನ್ನೂ ಜಾಸ್ತಿ ತಿಂದಂತೆ ಇರುತ್ತದೆ. ದುಡ್ಡು ಕೊಟ್ಟು ಸುಲಿದ ಸಿಗಡಿ ತಂದವರಿಗೆ ಈ ಅನುಕೂಲ ಇಲ್ಲ.

ಸಾಸಿನ ಸಾಮಾನು, ತರಕಾರಿ, ಪನೀರ್, ಐಸ್ ಎಲ್ಲ ಸೇರಿ 600-700ರೊಳಗೆ ಹಿಡಿದುಕೊಳ್ಳಿ. ಸಿಗಡಿಯ 600 ಸೇರಿದರೂ ನಿಮ್ಮ ಕೈಯಲ್ಲಿ ಸ್ವಲ್ಪ ಉಳಿಯುತ್ತದೆ. ಉಳಿಸಲೇಬೇಕೆಂದರೆ ಲೆಟಿಸ್‌ನಲ್ಲಿ ಉಳಿಸಿ. ಅದರ ಬದಲು ಎಲೆಕೋಸನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ಮಂಜು ನೀರಿನಲ್ಲಿ ಹಾಕಿ ತೆಗೆದು ಹಿಂಡಿದರೆ ಗರಿಗರಿಯಾಗಿರುತ್ತದೆ, ಸಂಜೆವರೆಗೂ ಬಾಡುವುದಿಲ್ಲ. ಸವತೆಕಾಯಿಯ ಬೀಜದ ಭಾಗ ತೆಗೆದು ಸಣ್ಣ ಚೌಕ ಮಾಡಿ. ಬೀಜ ಬಿಟ್ಟರೆ ನೀರು ಬಿಡುತ್ತದೆ.

ಗಾಜಿನ ಬಟ್ಟಲು ಕೊಳ್ಳಬೇಡಿ. ಚಹಾದ ಸಣ್ಣ ಗಾಜಿನ ಗ್ಲಾಸ್ ಎರಡು ಡಜನ್ ಅಕ್ಕಪಕ್ಕದವರಿಂದ, ಕಾಕೂ ಮನೆಯಿಂದ ಕೂಡಿಸಿಕೊಳ್ಳಬಹುದು. ಶಾಮಿಯಾನದವರ ಹತ್ತಿರ ಬಾಡಿಗೆಗೂ ಸಿಗುತ್ತವೆ. ಮಧ್ಯಾಹ್ನವೇ ತೊಳೆದು ಫ್ರಿಜ್‌ನಲ್ಲಿಡಿ. ತಳದಲ್ಲಿ ಎಲೆಕೋಸು, ಅದರ ಮೇಲೆ ಸವತೆಕಾಯಿ, ಎರಡು ತುಂಡು ಮಾಡಿದ ಮೂರು ಸಿಗಡಿ, ಒಂದೂವರೆ ಚಮಚ ಸಾಸ್, ಅಂಚಿಗೆ ಬಾಲದ ಸಿಗಡಿ ಒಂದು.

ಸಸ್ಯಾಹಾರಿಗಳ 6 ಗ್ಲಾಸನ್ನು ಮೊದಲು ತುಂಬಿ. ಪನೀರನ್ನು ಬೆರಳಿನಂತೆ ಕತ್ತರಿಸಿ ಉಪ್ಪಿನ ಬಿಸಿನೀರಿನಲ್ಲಿ ಐದು ನಿಮಿಷ ನೆನೆಸಿ ತಣ್ಣಗೆ ಮಾಡಿ, ಬೇಯಿಸಿದ ಸ್ವೀಟ್ ಕಾರ್ನ್ ಸೇರಿಸಿ. ಚಮಚ, ಹಲಗೆ, ಚಾಕು, ತಟ್ಟೆ ಎಲ್ಲ ಬೇರೆ. ಬಡಿಸುವ ಜಾಗವೂ ಬೇರೆ ಇರಲಿ. ಅವರು ಕೇಳುವ ಮೊದಲೇ ನೀವೇ ಹೇಳಿ, "ನಿಮ್ಮದು ಇದು, ಮೊದಲೇ ಮಾಡಿಟ್ಟೀನಿ" ಅಂತ. ಸಾಸಿನಲ್ಲಿ ಮೊಟ್ಟೆ ಇಲ್ಲ ಅನ್ನುವುದನ್ನೂ ಹೇಳಿ. ಹಾಗೆಯೇ ಸಿಗಡಿ ತಿನ್ನುವವರಲ್ಲಿ ಯಾರಿಗಾದರೂ ಸಿಗಡಿ, ಏಡಿ ತಿಂದರೆ ತುರಿಕೆ ಬರುವುದು, ತುಟಿ ಊದುವುದು ಇದೆಯಾ ಅಂತ ಫೋನಿನಲ್ಲೇ ಕೇಳಿಟ್ಟುಕೊಳ್ಳಿ. ಬೇಯಿಸಿದರೂ ಆ ಅಲರ್ಜಿ ಹೋಗುವುದಿಲ್ಲ. ಮಕ್ಕಳ ಬಗ್ಗೆ ಅವರ ತಾಯಿಯನ್ನೇ ಕೇಳಿ.

ಟೆರೇಸ್ ಅಂದಿರಿ, ಮೇ ತಿಂಗಳು ಅಂದಿರಿ. ಬೆಂದ ಸಿಗಡಿ 5 ಡಿಗ್ರಿಗಿಂತ ಕೆಳಗೆ ಇರಬೇಕು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡುವಂತಿಲ್ಲ, 32 ಡಿಗ್ರಿ ಮೇಲಿದ್ದರೆ ಒಂದೇ ಗಂಟೆ. ಒಂದು ದೊಡ್ಡ ಪರಾತದಲ್ಲಿ ಮಂಜುಗಡ್ಡೆ ಚೂರು ಹರಡಿ, ಗ್ಲಾಸುಗಳನ್ನು ಅರ್ಧಕ್ಕೆ ಹೂತು ಮೇಲೆ ಒಯ್ಯಿರಿ. ಎಲ್ಲವನ್ನೂ ಒಮ್ಮೆಲೇ ತುಂಬಬೇಡಿ. ಬಂದವರಿಗೆ ಬಂದಷ್ಟು, ಎರಡು ಕಂತಿನಲ್ಲಿ ತುಂಬಿ. ಮಳೆಗಾಲದ ಮುಂಚಿನ ಗುಡುಗು-ಗಾಳಿಗೆ ಆ ಹೊತ್ತಿನಲ್ಲಿ ಕರೆಂಟ್ ಹೋಗುವುದುಂಟು. ಸಿಗಡಿಯ ಡಬ್ಬಿಯನ್ನು ಮಧ್ಯಾಹ್ನವೇ ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಐಸ್ ನಡುವೆ ಇಟ್ಟುಬಿಟ್ಟರೆ ಫ್ರಿಜ್ ಬಾಗಿಲು ಪದೇಪದೇ ತೆರೆಯುವ ಕೆಲಸವೂ ತಪ್ಪುತ್ತದೆ. ಪೆಟ್ಟಿಗೆಯನ್ನು ಮೀನಿನ ಅಂಗಡಿಯಿಂದ ತಂದಿದ್ದರೆ ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಡಬ್ಬಿಯ ಮುಚ್ಚಳ ಬಿಗಿಯಾಗಿರಲಿ.

ಶನಿವಾರ ರಾತ್ರಿ ಸಾಸಿವೆ ಅರೆದು ಸಾಸ್ ಕಲಸಿಡಿ. ಒಂದು ರಾತ್ರಿ ನಿಂತರೆ ಅದರ ರುಚಿ ಹದವಾಗುತ್ತದೆ. ಸಿಗಡಿಯ ಗಟ್ಟಿ ರಸವನ್ನು ಮಾತ್ರ ಭಾನುವಾರ ಕಲಸಿ. ಭಾನುವಾರ 8ಕ್ಕೆ ಮೊದಲು ಸಿಗಡಿ ಮನೆಗೆ ಬಂದರೆ 11ಕ್ಕೆಲ್ಲ ನಿಮ್ಮ ಕೆಲಸ ಮುಗಿದಿರುತ್ತದೆ.

ಗ್ಲಾಸಿಗೆ ತುಂಬಿ ಹೊರಗಿಟ್ಟದ್ದು ಉಳಿದರೆ ಮತ್ತೆ ಫ್ರಿಜ್‌ಗೆ ಇಡಬೇಡಿ. ತುಂಬದೆ ತಣ್ಣಗೆ ಉಳಿದ ಸಿಗಡಿ ಮಾತ್ರ ಮರುದಿನಕ್ಕೆ ಆಗುತ್ತದೆ. ಸೋಮವಾರ ನಿಮ್ಮ ಮನೆಯಲ್ಲಿ ಮಾಂಸಾಹಾರ ಇಲ್ಲದಿದ್ದರೆ ಅದನ್ನು ಆ ರಾತ್ರಿಯೇ ಬೇಕಾದವರಿಗೆ ಡಬ್ಬಿಗೆ ಹಾಕಿ ಕೊಟ್ಟು ಕಳಿಸಿ. ಬೇಯಿಸಿದ ನೀರು ಇನ್ನೂ ಒಂದೂವರೆ ಲೀಟರ್ ಉಳಿದಿರುತ್ತದೆ. ಅದನ್ನು ಫ್ರೀಜರ್‌ನಲ್ಲಿಟ್ಟರೆ ಮುಂದಿನ ವಾರ ಸಿಗಡಿ ಪಲಾವಿಗೆ ನೀರಿನ ಬದಲು ಅದನ್ನೇ ಹಾಕಬಹುದು.